ಔಷಧಿ ಹೊಡೆಸುವ ಮೊದಲು ಕ್ಯಾನಿನ ಮೇಲಿನ ಚೀಟಿ ಓದಿ

ಮೊದಲೇ ಹೇಳಿಬಿಡುತ್ತೇನೆ. ಜಿರಳೆ ಕಾಟ ತಾಳಲಾರದೆ ಯಾರನ್ನಾದರೂ ಕರೆಸಿ ಔಷಧಿ ಹೊಡೆಸುವ ಯೋಚನೆಯಲ್ಲಿದ್ದರೆ, ಔಷಧಿಯ ಹೆಸರು ಕೇಳದೆ ಅವರನ್ನು ಒಳಗೆ ಬಿಡಬೇಡಿ. ನಾನು ಕೇಳಲಿಲ್ಲ. ಮನೆಯ ಮೀನುಗಳೆಲ್ಲ ಸತ್ತವು, ಬೆಕ್ಕು ಸಾಯುವುದರಲ್ಲಿತ್ತು. ಜಿರಳೆಗಳು ಮಾತ್ರ ಆರಾಮಾಗಿದ್ದವು.

ಮಳೆ ಹಿಡಿದ ಮೇಲೆ ಶುರುವಾಯಿತು. ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆ ದೀಪ ಹಾಕಿದರೆ ಒಲೆಯ ಸುತ್ತ ಸಣ್ಣ ಸಣ್ಣ ಕಂದು ಹುಳುಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಬಚ್ಚಲ ಕಡೆಯಿಂದ ಆಗಾಗ ಬರುವ ದೊಡ್ಡ ಜಿರಳೆ ನಮಗೆ ಹೊಸದಲ್ಲ. ಒಂದು ಬಂದರೆ ಒಂದು ಚಪ್ಪಲಿ ಏಟು, ಅಷ್ಟೇ. ಇವು ಬೇರೆ. ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಉದ್ದ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದನ್ನು ಜರ್ಮನ್ ಜಿರಳೆ ಅನ್ನುತ್ತಾರೆ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಅದು. ಮೂಲ ಮಾತ್ರ ಜರ್ಮನಿಯದಲ್ಲ. ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯಾದ ಇನ್ನೊಂದು ಜಿರಳೆಯಿಂದ ಕವಲೊಡೆದು ಬಂದದ್ದು ಅಂತ 2024ರಲ್ಲಿ ಡಿಎನ್‌ಎ ನೋಡಿ ಹೇಳಿದ್ದಾರೆ. ಮನುಷ್ಯರ ಮನೆ ಬಿಟ್ಟು ಕಾಡಿನಲ್ಲಿ ಬದುಕುವ ಅಭ್ಯಾಸವೇ ಇದಕ್ಕಿಲ್ಲ. ಹಾಗಾಗಿ ತಾನಾಗಿ ಹೊರಗೆ ಹೋಗುತ್ತದೆ ಅಂತ ಕಾಯುವುದು ವ್ಯರ್ಥ.

ನಾನೂ ಕಾಯಲಿಲ್ಲ. ಎರಡು ವಾರ ದಿನಾ ರಾತ್ರಿ ಸ್ಪ್ರೇ ಡಬ್ಬಿ ಹಿಡಿದು ಓಡಾಡಿದೆ. ಕೆಲವು ಸತ್ತವು. ಉಳಿದವು ಫ್ರಿಜ್ಜಿನ ಹಿಂದೆ, ಆಮೇಲೆ ಟಿವಿಯೊಳಗೆ ಸೇರಿಕೊಂಡವು. ಸಾಕಾಗಿ ಹೋಗಿ ಒಬ್ಬರನ್ನು ಕರೆಸಿದೆ.

ಬಂದವರ ಬೆನ್ನ ಮೇಲೆ ಪಂಪು, ಕೈಯಲ್ಲಿ ಬಿಳಿ ಕ್ಯಾನು. ಕ್ಯಾನಿನ ಮೇಲೆ ಚೀಟಿ ಇರಲಿಲ್ಲ. ಅದನ್ನು ನೋಡಿಯೂ ಸುಮ್ಮನಿದ್ದೆ. ಈಗ ನೆನಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಪಾತ್ರೆ ಏನೂ ತೆಗಿಯೋದು ಬೇಡ ಮೇಡಂ. ಹರ್ಬಲ್ ಇದು, ವಾಸನೆನೂ ಬರಲ್ಲ. ಒಂದು ಗಂಟೆ ಹೊರಗೆ ಕೂತ್ರೆ ಸಾಕು" ಅಂದರು.

ನಿಜವಾಗಿಯೂ ವಾಸನೆ ಇರಲಿಲ್ಲ. ವಾಸನೆ ಇಲ್ಲ ಅಂದರೆ ವಿಷ ಇಲ್ಲ ಅಂತ ನನ್ನ ಲೆಕ್ಕ. ಅವರು ಸಿಂಕಿನ ಕೆಳಗೆ, ಕಪಾಟಿನೊಳಗೆ, ಗೋಡೆಯಂಚಿಗೆ, ಮಂಚದ ಕೆಳಗೆ ಎಲ್ಲ ಕಡೆ ತೊಯ್ದು ತೊಪ್ಪೆಯಾಗುವಂತೆ ಹೊಡೆದರು. ಹಾಲ್‌ನಲ್ಲಿ ಮೀನಿನ ತೊಟ್ಟಿ ತೆರೆದೇ ಇತ್ತು. ಗಾಳಿಯ ಪಂಪು ಓಡುತ್ತಲೇ ಇತ್ತು.

ಸಂಜೆಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಪಂಪು ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬಿಡುತ್ತದೆ. ಗಾಳಿಯಲ್ಲಿ ತೇಲುವ ಔಷಧಿಯ ಹನಿಯೂ ಅದರ ಜೊತೆ ನೀರಿಗಿಳಿಯುತ್ತದೆ. ಮನೆಗೆ ಹೊಡೆಯುವ ಸ್ಪ್ರೇಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಗುಂಪಿನವು. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಹೀಗೆ. ಮನುಷ್ಯರಿಗೆ ಹೋಲಿಸಿದರೆ ಮೀನಿಗೆ ಅವು ಎಷ್ಟೋ ಪಟ್ಟು ಜಾಸ್ತಿ ವಿಷ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಅವತ್ತು ಮಾತ್ರ ತೊಟ್ಟಿಯ ನೀರು ಕೆಟ್ಟಿರಬೇಕು ಅಂದುಕೊಂಡು ಮಲಗಿದೆವು.

ಬೆಳಿಗ್ಗೆ ಬೆಕ್ಕಿನ ಕಿವಿ ಪಟಪಟ ಅದುರುತ್ತಿತ್ತು. ಮೊದಲು ನಗು ಬಂತು, ನೊಣ ಕೂತಿರಬೇಕು ಅಂತ. ಹತ್ತು ನಿಮಿಷದಲ್ಲಿ ಕಾಲು ನಡುಗತೊಡಗಿತು, ಬಾಯಿಂದ ಜೊಲ್ಲು. ರಾತ್ರಿಯೆಲ್ಲ ಒದ್ದೆ ನೆಲದಲ್ಲಿ ಓಡಾಡಿ, ಅದೇ ಪಾದ ನೆಕ್ಕಿಕೊಂಡಿದೆ. ಬೆಕ್ಕಿನ ಯಕೃತ್ತಿಗೆ ಪರ್ಮೆಥ್ರಿನ್‌ನಂಥ ವಿಷವನ್ನು ಮುರಿಯುವ ಶಕ್ತಿ ತುಂಬಾ ಕಡಿಮೆ. ನಾಯಿಗೆ ಏನೂ ಮಾಡದ ಪ್ರಮಾಣವೂ ಬೆಕ್ಕಿನ ಪ್ರಾಣ ತೆಗೆಯಬಹುದು.

ಪ್ರಾಣಿಗಳ ಡಾಕ್ಟರು ಬೆಕ್ಕನ್ನು ಮೇಜಿನ ಮೇಲೆ ಹಾಕಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಔಷಧಿ ಹೊಡೆಸಿದ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹೊಡೆದವರಿಗೆ ಫೋನ್ ಮಾಡಿದೆ. ಮೊದಲು "ಹರ್ಬಲ್ ಮೇಡಂ, ಏನೂ ಆಗಲ್ಲ". ಮತ್ತೆ ಕೇಳಿದ್ದಕ್ಕೆ "ಒಳ್ಳೆ ಪವರ್ ಇರೋದೇ ಹಾಕಿದ್ದೀವಿ". ಡಾಕ್ಟರೇ ಫೋನ್ ಇಸಕೊಂಡು ಗದರಿಸಿದ ಮೇಲೆ "ಎರಡು ಥರದ್ದು ಮಿಕ್ಸ್ ಮಾಡ್ತೀವಿ, ಹೆಸರು ನಮ್ಮ ಸಾರ್‌ಗೆ ಗೊತ್ತು". ಆ ಸಾರ್ ಫೋನ್ ಎತ್ತಲೇ ಇಲ್ಲ.

ಹೆಸರು ಗೊತ್ತಾದರೆ ಏನು ಬಂತು ಅಂತ ಅನಿಸಬಹುದು. ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಅಂತ ಇನ್ನೊಂದು ಗುಂಪಿದೆ. ಅದರ ವಿಷ ಏರಿದರೆ ಕಣ್ಣಿನ ಪಾಪೆ ಚುಕ್ಕೆಯಷ್ಟಾಗುತ್ತದೆ, ಉಸಿರಿಗೆ ಕಷ್ಟವಾಗುತ್ತದೆ. ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಪೈರೆಥ್ರಾಯ್ಡ್‌ಗೆ ಹಾಗೆ ಪ್ರತಿವಿಷ ಇಲ್ಲ. ನಡುಕ ನಿಲ್ಲಿಸುವ ಔಷಧಿ ಕೊಟ್ಟು, ಮೈ ತೊಳೆದು ಕಾಯಬೇಕು. ಎರಡರಲ್ಲೂ ಜೊಲ್ಲು ಸುರಿಯುತ್ತದೆ, ಎರಡರಲ್ಲೂ ಮೈ ಅದುರುತ್ತದೆ. ಹೊರಗಿನಿಂದ ನೋಡಿ ಊಹೆ ಮಾಡುತ್ತಾ ಕೂರುವ ಹೊತ್ತು ಬೆಕ್ಕಿಗೂ ಇರಲ್ಲ, ಮಗುವಿಗೂ ಇರಲ್ಲ.

ನಮ್ಮ ಡಾಕ್ಟರು ಪಾಪೆ ನೋಡಿ, ಎದೆಬಡಿತ ನೋಡಿ ಪೈರೆಥ್ರಾಯ್ಡ್ ಇರಬೇಕು ಅಂತ ನಿರ್ಧರಿಸಿದರು. ಪಾತ್ರೆ ತೊಳೆಯುವ ಸೋಪಿನ ನೀರು, ಅದೂ ಉಗುರುಬೆಚ್ಚಗಿನದರಲ್ಲಿ ಮೈ ತೊಳೆದರು. ಎರಡು ರಾತ್ರಿ ಅಲ್ಲೇ ಇರಿಸಿಕೊಂಡರು. ಬೆಕ್ಕು ಉಳಿಯಿತು. ಅತ್ತೆಗೆ ಮೊದಲೇ ಉಬ್ಬಸ. ಅವರಿಗೆ ಅದೇ ವಾರ ದಮ್ಮು ಕಟ್ಟಿ, ದಿನಕ್ಕೆ ಎಷ್ಟೋ ಸಲ ಇನ್ಹೇಲರ್ ಹಿಡಿಯಬೇಕಾಯಿತು. ಗೋಡೆಯ ಹಲ್ಲಿಗಳೂ ಸತ್ತು ಬಿದ್ದವು. ಪಾಪ, ಜಿರಳೆ ತಿನ್ನುತ್ತಿದ್ದವು ಅವು.

ಇಷ್ಟಾದ ಮೇಲಾದರೂ ಜಿರಳೆ ಹೋದವಾ? ಹತ್ತು ದಿನ ಕಡಿಮೆಯಾದ ಹಾಗೆ ಕಂಡಿತು. ಆಮೇಲೆ ಮಲಗುವ ಕೋಣೆಯಲ್ಲಿ ಸಾಸಿವೆ ಗಾತ್ರದ ಮರಿಗಳು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಪೈರೆಥ್ರಾಯ್ಡ್ ಸೋಕಿದರೆ ಜಿರಳೆ ಗಾಬರಿಯಾಗಿ ಗೂಡು ಬಿಟ್ಟು ಓಡುತ್ತದೆ. ಸಾಯುವಷ್ಟು ವಿಷ ತಗುಲದಿದ್ದರೆ ಹೊಸ ಸಂದಿ ಹುಡುಕಿಕೊಳ್ಳುತ್ತದೆ. ಹೆಣ್ಣು ತನ್ನ ಮೊಟ್ಟೆಯ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹಿಂದೆ ಕಟ್ಟಿಕೊಂಡೇ ತಿರುಗುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಔಷಧಿ ಆ ಚೀಲದೊಳಗೆ ಸರಿಯಾಗಿ ಇಳಿಯುವುದಿಲ್ಲ. ಜೊತೆಗೆ ಈ ಜಾತಿಯ ಎಷ್ಟೋ ಜಿರಳೆಗಳಿಗೆ ಪೈರೆಥ್ರಾಯ್ಡ್ ಈಗ ನಾಟುವುದೇ ಇಲ್ಲ. ಚಳಿಗಾಲವೇ ಇಲ್ಲದ ಊರುಗಳಲ್ಲಿ ಅವಕ್ಕೆ ವರ್ಷವಿಡೀ ಬಾಣಂತನ.

ಬುದ್ಧಿ ಬಂದಿತ್ತು ಅಂದುಕೊಳ್ಳಬೇಡಿ. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಅದೇ ವ್ಯಕ್ತಿಯನ್ನು ಮತ್ತೆ ಕರೆದೆ! ಈ ಸಲ ಅವರು ಹೇಳಿದ್ದು ಕೇಳಿ. "ಮಾತ್ರೆ ಇಟ್ಟು ಒಂದು ರಾತ್ರಿ ಮನೆ ಮುಚ್ಚಿಬಿಡೋಣ ಮೇಡಂ. ಜಿರಳೆ, ತಿಗಣೆ, ಇಲಿ ಎಲ್ಲಾ ಒಂದೇ ಸಲ ಕ್ಲೀನ್."

ಮಾತ್ರೆಯ ಡಬ್ಬಿ ತೋರಿಸಿ ಅಂದೆ. ಈ ಸಲ ಡಬ್ಬಿಗೆ ಚೀಟಿ ಇತ್ತು. ಅಲ್ಯುಮಿನಿಯಂ ಫಾಸ್ಫೈಡ್. ಅಲ್ಲೇ ಬಾಗಿಲಲ್ಲೇ ವಾಪಸ್ ಕಳಿಸಿದೆ.

ಇದನ್ನು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಇದು ಗೋದಾಮಿನ ಕಾಳಿಗೆ, ಅದೂ ತರಬೇತಿ ಇರುವವರು ಇಡಬೇಕಾದ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ತೇವದ ಹವೆಯಲ್ಲಿ ಇನ್ನೂ ಬೇಗ. ಆ ಅನಿಲ ಗೋಡೆಯ ಬಿರುಕು, ಪೈಪಿನ ಸಂದಿ, ವೈರಿನ ಕೊಳವೆ ಹಿಡಿದು ಪಕ್ಕದ ಮನೆಗೂ ಹೋಗುತ್ತದೆ. ನೀವು ಮನೆ ಖಾಲಿ ಮಾಡಿ ಹೋಗಿರಬಹುದು, ಗೋಡೆಯಾಚೆ ಮಲಗಿದ ಮಗುವಿಗೆ ಅದು ಗೊತ್ತಿರಲ್ಲ. ಕೊಳೆತ ಮೀನಿನ ಅಥವಾ ಬೆಳ್ಳುಳ್ಳಿಯ ವಾಸನೆ ಬರಬಹುದು, ಬರದೆಯೂ ಇರಬಹುದು. ಇದಕ್ಕೆ ಪ್ರತಿವಿಷ ಇಲ್ಲ. ವಾಸದ ಮನೆಗೆ ಈ ಮಾತ್ರೆ ಇಡುತ್ತೇನೆ ಅನ್ನುವವರ ಜೊತೆ ಮಾತೇ ಮುಂದುವರಿಸಬೇಡಿ. ಪಕ್ಕದ ಮನೆಯಲ್ಲಿ ಇಡಿಸುತ್ತಿದ್ದಾರೆ ಅಂತ ಗೊತ್ತಾದರೆ ಹೋಗಿ ಜಗಳವಾಡಿಯಾದರೂ ನಿಲ್ಲಿಸಿ.

ಕೊನೆಗೆ ಕೆಲಸ ಮಾಡಿದ್ದು ಸಣ್ಣ ಸಿರಿಂಜಿನಲ್ಲಿ ಬರುವ ಜೆಲ್. ಒಳಗಿರುವುದು ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್‌ನಂಥ ವಿಷವೇ, ಆದರೆ ಇಡೀ ಮನೆಗೆ ಬೇಕಾಗುವುದು ಕೆಲವೇ ಗ್ರಾಂ. ಕಪಾಟಿನ ಹಿಂಜಿನ ಒಳಗೆ, ಸಿಂಕಿನ ಪೈಪು ಗೋಡೆ ಸೇರುವಲ್ಲಿ, ಫ್ರಿಜ್ಜಿನ ಮೋಟಾರಿನ ಹತ್ತಿರ, ಮಕ್ಕಳ ಕೈಗೆ, ಬೆಕ್ಕಿನ ನಾಲಿಗೆಗೆ ಸಿಗದ ಜಾಗದಲ್ಲಿ ತೊಗರಿಬೇಳೆ ಗಾತ್ರದ ಚುಕ್ಕೆ ಇಟ್ಟೆ. ತಿಂದದ್ದು ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ಮಿಕ್ಕವು ತಿನ್ನುತ್ತವೆ, ಅವಕ್ಕೂ ವಿಷ ಏರುತ್ತದೆ. ಅಸಹ್ಯ, ಆದರೆ ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆಯಬಾರದು, ಹೊಡೆದರೆ ಹತ್ತಿರ ಸುಳಿಯುವುದೇ ಇಲ್ಲ. ಎರಡು ವಾರಕ್ಕೆ ಒಮ್ಮೆ ಹೊಸ ಚುಕ್ಕೆ ಇಟ್ಟೆ, ಮೊಟ್ಟೆಯೊಡೆದು ಬರುವ ಮರಿಗಳಿಗೂ ಬೇಕಲ್ಲ. ಒಂದು ಕಂಪನಿಯದು ಮುಟ್ಟದಿದ್ದರೆ ಬೇರೆ ತನ್ನಿ. ಜೆಲ್ಲಿಗೆ ಬೆರೆಸುತ್ತಿದ್ದ ಗ್ಲೂಕೋಸನ್ನೇ ಕಹಿ ಅಂತ ದೂರ ಮಾಡುವ ಜಿರಳೆಗಳು ಹುಟ್ಟಿಕೊಂಡಿದ್ದನ್ನು 1993ರಲ್ಲೇ ಬರೆದಿಟ್ಟಿದ್ದಾರೆ. ಎಂಥಾ ಬುದ್ಧಿ ನೋಡಿ!

ರಾತ್ರಿ ಮಲಗುವ ಮುಂಚೆ ಸಿಂಕು ಒಣಗಿಸುತ್ತೇವೆ. ಹಸಿವಿಗಿಂತ ಬಾಯಾರಿಕೆ ಅವಕ್ಕೆ ಬೇಗ ತಟ್ಟುತ್ತದೆ. ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿದೆವು. ಇರುವೆಗೂ ಸ್ಪ್ರೇ ಹೊಡೆಯುವುದನ್ನು ನಿಲ್ಲಿಸಿದೆವು. ಫೇರೋ ಇರುವೆ ಅನ್ನುವ ಸಣ್ಣ ಹಳದಿ ಜಾತಿಗೆ ಸ್ಪ್ರೇ ಹೊಡೆದರೆ ಒಂದು ಗೂಡು ನಾಲ್ಕಾಗುತ್ತದಂತೆ.

ಹಾಗಾದರೆ ಯಾರನ್ನೂ ಕರೆಸಲೇಬಾರದಾ? ಕರೆಸಿ. ಆದರೆ ಫೋನಿನಲ್ಲೇ ಔಷಧಿಯ ಹೆಸರು, ಶೇಕಡಾವಾರು ಕೇಳಿ ಬರೆದುಕೊಳ್ಳಿ. ಬಂದಾಗ ಮೂಲ ಡಬ್ಬಿಯ ಸೀಲು ನಿಮ್ಮೆದುರೇ ಒಡೆಯಲಿ, ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಮೀನು, ಬೆಕ್ಕು, ಕೂಸು, ಉಬ್ಬಸದವರು ಇದ್ದರೆ ಮೊದಲೇ ಹೇಳಿ. ಅದಕ್ಕೆ ಅವರು ಏನೂ ಬದಲಾಯಿಸದೆ "ಏನಾಗಲ್ಲ ಬಿಡಿ" ಅಂದರೆ ಬೇರೆಯವರನ್ನು ನೋಡಿ. ಹರ್ಬಲ್ ಅಂದರೆ ಯಾವ ಗಿಡ ಅಂತ ಕೇಳಿ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್ ಕೂಡ ಗಿಡದ್ದೇ, ಮೀನಿಗೆ ಅದೂ ವಿಷವೇ.

ನಾಲ್ಕು ತಿಂಗಳಾಯಿತು. ಸಿಂಕಿನ ಕೆಳಗೆ ಅಂಟಿನ ಹಾಳೆ ಇಟ್ಟು ವಾರಕ್ಕೊಮ್ಮೆ ಎಣಿಸುತ್ತೇನೆ. ಮೊದಲ ವಾರ 63 ಇತ್ತು. ಕಳೆದ ವಾರ ಎರಡು, ಎರಡೂ ಚರಂಡಿಯ ದೊಡ್ಡ ಜಾತಿ. ಬಚ್ಚಲ ಜಾಲರಿ ಬದಲಾಯಿಸಬೇಕು. ತೊಟ್ಟಿ ತೊಳೆದು ಬೋರಲು ಹಾಕಿಟ್ಟಿದ್ದೇನೆ, ಮೀನು ಇನ್ನೂ ತಂದಿಲ್ಲ.