ನಾಲ್ಕು ವರ್ಷ ಬಳಸಿದ ಮೇಲೆ: ಕೌದಿ ಬಟ್ಟೆಗೆ ಎಂಎಕ್ಸ್ ಡೈ ಪುಡಿ

ಎಂಎಕ್ಸ್ ಮಾದರಿಯ ರಿಯಾಕ್ಟಿವ್ ಡೈ, ಅಂದರೆ ಹತ್ತಿ ಬಟ್ಟೆಗೆ ಹಾಕುವ ಬಣ್ಣದ ಪುಡಿಗಳನ್ನು ತರಿಸಿ ನಾಲ್ಕು ವರ್ಷ ಆಯ್ತು. ಹಳದಿ, ಕೆಂಪು, ನೀಲಿ, ಜೊತೆಗೆ ಟರ್ಕಾಯ್ಸ್ (ಹಸಿರು ಛಾಯೆಯ ನೀಲಿ) ಮತ್ತು ಕಪ್ಪು. ಮೊದಲ ವಾರದಲ್ಲೇ ಬರೆದಿದ್ದರೆ ಬಣ್ಣ ಎಷ್ಟು ಚಂದ ಅಂತಷ್ಟೇ ಬರೆಯುತ್ತಿದ್ದೆ. ಆದರೆ ಕೌದಿ ಹೊಲಿಯುವವರಿಗೆ ಬೇಕಿರುವುದು ಬೇರೆ ಉತ್ತರ. ಕೆಂಪು ತುಂಡಿನ ಪಕ್ಕ ಬಿಳಿ ತುಂಡು ಇಟ್ಟು ಹೊಲಿದು, ವರ್ಷಗಟ್ಟಲೆ ಒಗೆದ ಮೇಲೂ ಆ ಬಿಳಿ ಬಿಳಿಯಾಗೇ ಇರುತ್ತಾ? ಇರುತ್ತೆ. ಆದರೆ ಅದಕ್ಕೆ ಬಣ್ಣ ಹಾಕುವುದಕ್ಕಿಂತ ತೊಳೆಯುವುದಕ್ಕೆ ಜಾಸ್ತಿ ತಾಳ್ಮೆ ಬೇಕು.

ನನ್ನ ಮೊದಲ ಕೌದಿಯಲ್ಲಿ ಆ ತಾಳ್ಮೆ ಇರಲಿಲ್ಲ. ಬಟ್ಟೆಯನ್ನು ತಣ್ಣೀರಿನಲ್ಲಿ ಏಳೆಂಟು ಸಲ ಜಾಲಿಸಿದೆ, ನೀರು ತಿಳಿಯಾಯಿತು, ಸಾಕು ಅಂದುಕೊಂಡು ಕತ್ತರಿಸಿ ಹೊಲಿದುಬಿಟ್ಟೆ. ಎರಡು ತಿಂಗಳ ಕೆಲಸ. ಮೊದಲ ಒಗೆತದಲ್ಲೇ ಕೆಂಪು ಚೌಕಗಳ ಸುತ್ತ ಬಿಳಿ ಬಟ್ಟೆಯ ಮೇಲೆ ಗುಲಾಬಿ ಅಂಚು ಮೂಡಿತು. ಹತ್ತಿರದಿಂದ ನೋಡಿದರೆ ಹತ್ತಿ ದಾರದಲ್ಲಿ ಹಾಕಿದ ಹೊಲಿಗೆಗಳೂ ಗುಲಾಬಿ, ಪಾಲಿಯೆಸ್ಟರ್ ದಾರದವು ಮಾತ್ರ ಹಾಗೇ ಬಿಳಿ. ಅಳುವೇ ಬಂತು.

ತಪ್ಪು ಪುಡಿಯದ್ದಲ್ಲ. ಈ ಬಣ್ಣ ಹತ್ತಿಯ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತೆ, ಬರೀ ಮೇಲೆ ಅಂಟಿಕೊಳ್ಳುವುದಲ್ಲ. ಹತ್ತಿಯನ್ನು ಹೀಗೆ ಹಿಡಿಯುವ ಬಣ್ಣಗಳು ಮಾರುಕಟ್ಟೆಗೆ ಮೊದಲು ಬಂದದ್ದು 1956ರಲ್ಲಿ. ಆದರೆ ಬಣ್ಣ ಹಿಡಿಯಲೆಂದು ಹಾಕುವ ಸೋಡಾ ಆಶ್ (ಒಂದು ಕ್ಷಾರ) ಸೇರಿದ ಮೇಲೆ ಅದೇ ಬಣ್ಣ ನೀರಿನ ಜೊತೆಗೂ ಕೂಡಿಕೊಳ್ಳುತ್ತೆ. ಹಾಗೆ ನೀರಿನ ಪಾಲಾದದ್ದು ನಾರಿಗೆ ಇನ್ನು ಬೆಸೆಯುವುದಿಲ್ಲ, ಸುಮ್ನೆ ಬಟ್ಟೆಯೊಳಗೆ ಕೂತಿರುತ್ತೆ. ಅದು ತಣ್ಣೀರಿಗೆ ಪೂರ್ತಿ ಬಿಡುವುದಿಲ್ಲ, ಬಿಸಿನೀರೇ ಬೇಕು. ಈಗ ನಾನು ಮೊದಲು ತಣ್ಣೀರಿನಲ್ಲಿ ಸೋಡಾ ಹೋಗುವವರೆಗೆ ಜಾಲಿಸಿ, ಆಮೇಲೆ 60 ಡಿಗ್ರಿಗಿಂತ ಬಿಸಿಯಾದ ನೀರಲ್ಲಿ ಅರ್ಧ ಗಂಟೆ ನೆನೆಹಾಕುತ್ತೇನೆ. ನೀರು ಬದಲಿಸಿ ಮತ್ತೆ ಹಾಗೇ ಮಾಡುತ್ತೇನೆ. ಕೆಂಪಿಗೆ ನಾಲ್ಕೈದು ಸಲ ಬೇಕಾಗುತ್ತೆ. ಕೊನೆಗೆ ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲಿಟ್ಟು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಬಿಳಿಯಲ್ಲಿ ಕಲೆ ಇಲ್ಲದಿದ್ದರೆ ಮಾತ್ರ ಕತ್ತರಿ.

ಆ ಮೊದಲ ಕೌದಿಯನ್ನೂ ಹೀಗೇ ಉಳಿಸಿಕೊಂಡೆ. ಬಿಟ್ಟ ಬಣ್ಣ ಬಿಳಿ ಬಟ್ಟೆಗೆ ಬೆಸೆದಿರಲಿಲ್ಲವಲ್ಲ, ದೊಡ್ಡ ಟಬ್‌ನಲ್ಲಿ ತುಂಬಾ ಬಿಸಿನೀರು, ಸ್ವಲ್ಪ ಡಿಟರ್ಜೆಂಟ್ ಹಾಕಿ ಮುಳುಗಿಸಿಟ್ಟೆ, ಮೂರು ಸಲ ನೀರು ಬದಲಿಸಿದೆ. ಒಂದು ಮೂಲೆ ಬಿಟ್ಟು ಉಳಿದ ಗುಲಾಬಿ ಎಲ್ಲ ಹೋಯ್ತು. ನಿಮ್ಮ ಕೌದಿ ಬಣ್ಣ ಬಿಟ್ಟರೆ ದಯವಿಟ್ಟು ಬಿಸಿಲಿಗೆ ಹಾಕಿ ಒಣಗಿಸಬೇಡಿ, ಒದ್ದೆ ಇರುವಾಗಲೇ ಬಿಸಿನೀರಿಗೆ ಹಾಕಿ.

ನನ್ನ ಲೆಕ್ಕ ಹೀಗಿದೆ. ಒಣ ಬಟ್ಟೆ 100 ಗ್ರಾಂ ಇದ್ದರೆ ಮಧ್ಯಮ ಬಣ್ಣಕ್ಕೆ 2 ಗ್ರಾಂ ಪುಡಿ, ಗಾಢಕ್ಕೆ 4, ಕಪ್ಪಿಗೆ 8ರವರೆಗೆ. ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಸೋಡಾ ಆಶ್ ಕರಗಿಸಿ ಬಟ್ಟೆಯನ್ನು ಕಾಲು ಗಂಟೆ ನೆನೆಹಾಕಿ, ಹಿಂಡಿ, ನೀರಲ್ಲಿ ಕರಗಿಸಿದ ಬಣ್ಣ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮರುದಿನದವರೆಗೆ ಬಿಡುತ್ತೇನೆ. ಉಳಿದ ಸೋಡಾ ನೀರು ಚೆಲ್ಲಬೇಡಿ, ಮುಂದಿನ ಸಲಕ್ಕೂ ಆಗುತ್ತೆ. ಆದರೆ ಬಣ್ಣದ ನೀರಿಗೇ ಸೋಡಾ ಸೇರಿಸಿದ್ದರೆ ಅದನ್ನು ಎತ್ತಿಡಲು ಆಗದು, ಕೆಲವೇ ಗಂಟೆಗಳಲ್ಲಿ ಸತ್ವ ಹೋಗುತ್ತೆ. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ ಇದ್ದರೆ ಬಣ್ಣ ತೇಪೆ ತೇಪೆಯಾಗಿ ಹಿಡಿಯುತ್ತೆ, ಹಾಗಾಗಿ ಮೊದಲೇ ಬಿಸಿನೀರಲ್ಲಿ ಒಗೆಯಲೇಬೇಕು.

ಟರ್ಕಾಯ್ಸ್ ನನ್ನನ್ನು ಜಾಸ್ತಿ ಸತಾಯಿಸಿತು. ಅದರ ಅಣು ದೊಡ್ಡದು, ನಿಧಾನಕ್ಕೆ ಹಿಡಿಯುತ್ತೆ, ಬೆಚ್ಚಗೂ ಇರಬೇಕು. ಹಳದಿ ಜೊತೆ ಬೆರೆಸಿ ಎಲೆ ಹಸಿರು ಮಾಡೋಣ ಅಂತ ಹೊರಟರೆ, ಚಳಿ ದಿನದಲ್ಲಿ ಹಳದಿ ಮೊದಲೇ ಹಿಡಿದು ಟರ್ಕಾಯ್ಸ್ ಹಾಗೇ ನೀರಲ್ಲಿ ಹೋಯ್ತು. ಈಗ ಚೀಲವನ್ನು ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಇಡುತ್ತೇನೆ, ಒಂದು ದಿನ ಪೂರ್ತಿ ಬಿಡುತ್ತೇನೆ. ಹಸಿರು ಸರಿಯಾಗಿ ಬರುತ್ತಿದೆ. ಕಪ್ಪಿನ ವಿಷಯದಲ್ಲಿ ನನಗೆ ಇನ್ನೂ ಸಮಾಧಾನ ಇಲ್ಲ. ಅದು ಹಲವು ಬಣ್ಣ ಬೆರೆಸಿದ ಪುಡಿ, ಅಂಚಿನಲ್ಲಿ ಒಡೆದು ನೇರಳೆ ಇಣುಕುತ್ತೆ. ಮಡಿಸಿ ಕಟ್ಟಿ ಬಣ್ಣ ಹಾಕುವವರಿಗೆ ಅದೇ ಚಂದ ಅನ್ನಿಸಬಹುದು, ನನಗೆ ಒಂದೇ ಸಮ ಕಪ್ಪು ಬೇಕಿತ್ತು.

ಅಚ್ಚು ಒತ್ತುವುದರಲ್ಲಿ ಮಾತ್ರ ಈ ಪುಡಿಗೆ ನಾನು ಪೂರ್ತಿ ಮನಸೋತೆ. ಮೊದಲು ಬಾಟಲಿಯಲ್ಲಿ ಬರುವ ಫ್ಯಾಬ್ರಿಕ್ ಪೇಂಟ್‌ನಲ್ಲಿ ಮರದ ಅಚ್ಚು ಒತ್ತುತ್ತಿದ್ದೆ. ನೋಡಲು ಚೆನ್ನಾಗಿತ್ತು, ಆದರೆ ಕೈಹೊಲಿಗೆ ಹಾಕುವಾಗ ಸೂಜಿ ಆ ಬಣ್ಣದ ಪದರದಲ್ಲಿ ತಡೆಯುತ್ತೆ, ಪ್ರತಿ ಹೊಲಿಗೆಗೂ ಬೆರಳು ಒತ್ತಬೇಕು. ಡೈ ಪುಡಿಯನ್ನು ಸೋಡಿಯಂ ಆಲ್ಜಿನೇಟ್ ಅಂಟಿನಲ್ಲಿ ಕಲಸಿ, ಸೋಡಾದಲ್ಲಿ ನೆನೆಸಿ ಒಣಗಿಸಿದ ಬಟ್ಟೆಯ ಮೇಲೆ ಒತ್ತಿದರೆ ಆ ಪದರವೇ ಇಲ್ಲ. ತೊಳೆದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಅಚ್ಚಿದೆ, ಎಲ್ಲಿಲ್ಲ ಅಂತ ಗೊತ್ತಾಗುವುದಿಲ್ಲ! ಆಲ್ಜಿನೇಟ್ ಹಿಂದಿನ ರಾತ್ರಿಯೇ ಕಲಸಿಡಿ, ಇಲ್ಲದಿದ್ದರೆ ಗಂಟು ಗಂಟಾಗುತ್ತೆ. ತೆಳುವಾದರೆ ಗೆರೆ ಹರಡುತ್ತೆ, ಚಮಚದಿಂದ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಲಿ. ಸ್ವಲ್ಪ ಯೂರಿಯಾ ಸೇರಿಸಿ, ಒತ್ತಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಯಾಕೆಂದರೆ ಒಣಗಿದರೆ ಬಣ್ಣ ಹಿಡಿಯುವುದು ಅಲ್ಲಿಗೇ ನಿಲ್ಲುತ್ತೆ.

ಒಂದು ಮಾತು ಕಡ್ಡಾಯ. ಪುಡಿ ಬಿಚ್ಚುವಾಗ ಮಾಸ್ಕ್ ಹಾಕಿ. ಇದರ ಧೂಳು ಉಸಿರಲ್ಲಿ ಹೋಗುತ್ತಿದ್ದರೆ ಉಸಿರಾಟದ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಈ ಕೆಲಸವನ್ನೇ ಬಿಡಬೇಕಾಗುತ್ತೆ. ಕೈಗವಸು ಬೇಕು, ಪಾತ್ರೆ ಚಮಚ ಎಲ್ಲ ಬೇರೆಯೇ ಇರಲಿ, ಅಡುಗೆಗೆ ಮತ್ತೆ ಬಳಸಬೇಡಿ.

ಪುಡಿಯೂ ಶಾಶ್ವತ ಅಲ್ಲ. ಮೊದಲು ತಂದ ಕೆಂಪಿನ ಡಬ್ಬಿಯ ತಳದಲ್ಲಿ ಉಳಿದದ್ದು ಈ ವರ್ಷ ಸಪ್ಪೆಯಾಗಿ ಬಂತು, ಎರಡು ಪಟ್ಟು ಹಾಕಿದರೂ ಹಳೆಯ ಗಾಢ ಬರಲಿಲ್ಲ. ಹಾಗಾಗಿ ದೊಡ್ಡ ಡಬ್ಬಿ ಅಗ್ಗ ಅಂತ ಕೊಳ್ಳಬೇಡಿ, ಒಂದೆರಡು ವರ್ಷಕ್ಕೆ ಬೇಕಾದಷ್ಟೇ ತನ್ನಿ, ಒಣ ಜಾಗದಲ್ಲಿ ಬಿಗಿಯಾಗಿ ಮುಚ್ಚಿಡಿ.

ಆ ಮೊದಲ ಕೌದಿ ಈಗ ಮಗಳ ಹಾಸಿಗೆ ಮೇಲಿದೆ, ಎರಡು ಮೂರು ವಾರಕ್ಕೊಮ್ಮೆ ಮೆಷಿನ್‌ಗೆ ಹೋಗುತ್ತೆ. ಕೆಂಪು ಸ್ವಲ್ಪ ಮಾಸಿದೆ, ನೀಲಿ ಹಾಗೇ ಇದೆ. ಒಂದು ಮೂಲೆಯ ಗುಲಾಬಿ ಬಿಟ್ಟರೆ ಬಿಳಿ ಬಿಳಿಯಾಗೇ ಇದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋದ ವಾರ ಕೆಂಪು, ನೀಲಿ, ಹಳದಿ ಮತ್ತೆ ತರಿಸಿದೆ. ಕಪ್ಪು ತರಿಸಲಿಲ್ಲ.