ಎಸ್.ಎಸ್. ಪುರಂನ ರಕ್ತ ಪರೀಕ್ಷೆ ಲ್ಯಾಬ್: ಕಣ್ಣಿಟ್ಟು ನೋಡ್ತಾರೆ, ಮನೆಯವರನ್ನೂ ವಿಚಾರಿಸ್ತಾರೆ

ತುಮಕೂರಿನ ಈ ಚಿಕ್ಕ ಲ್ಯಾಬ್‌ಗೆ ಐದಕ್ಕೆ ಐದು ಸ್ಟಾರ್. ಮಿಷನ್ ಕೊಟ್ಟ ಅಂಕಿಯನ್ನು ಹಾಗೇ ಪ್ರಿಂಟ್ ತೆಗೆದು ಕೈಗಿಡುವವರಲ್ಲ ಇವರು.

ಮಗನಿಗೆ ಜ್ವರ ಬಂದಾಗ ಬೇರೆ ಕಡೆ ಮಾಡಿಸಿದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) 62 ಸಾವಿರ. ಇರಬೇಕಾದದ್ದು ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಡೆಂಗಿ ಅಂದರು. ಜ್ವರ ಬಿಟ್ಟು ತಿಂಗಳುಗಳಾದರೂ ಅಂಕಿ ಮೇಲೇಳಲಿಲ್ಲ. ಪಪ್ಪಾಯಿ ಎಲೆ ರಸವೂ ಆಯಿತು. ಆಮೇಲೆ ಐಟಿಪಿ, ಅಂದರೆ ದೇಹವೇ ತನ್ನ ಪ್ಲೇಟ್‌ಲೆಟ್ ನಾಶ ಮಾಡುವ ಕಾಯಿಲೆ, ಎಂದು ಸ್ಟಿರಾಯ್ಡ್ ಶುರುವಾಯಿತು. ಮಗುವಿನ ಮುಖ ಊದಿಕೊಂಡಿತೇ ಹೊರತು ಪ್ಲೇಟ್‌ಲೆಟ್ ಏರಲಿಲ್ಲ.

ಇಲ್ಲಿಯ ಪೆಥಾಲಜಿಸ್ಟ್ ಮೇಡಂ ಗಾಜಿನ ಮೇಲೆ ರಕ್ತ ಸವರಿದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ತಾವೇ ನೋಡಿದರು. ಕೆಲವು ಪ್ಲೇಟ್‌ಲೆಟ್‌ಗಳು ಕೆಂಪು ರಕ್ತಕಣದಷ್ಟು ದೊಡ್ಡವಿದ್ದವು. ಅಂಥವನ್ನು ಮಿಷನ್ ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಸ್ಲೈಡ್ ನೋಡಿ ಎಣಿಸಿದಾಗ ಸಂಖ್ಯೆ ಸ್ವಲ್ಪ ಜಾಸ್ತಿಯೇ ಬಂತು, ಆದರೂ ಕಡಿಮೆಯೇ.

"ನಿಮ್ ಮನೇಲಿ ಯಾರಿಗಾದ್ರೂ ಹಿಂಗೇ ಇದೆಯೇನಮ್ಮ? ಹಲ್ಲು ಕೀಳಿಸಿದಾಗ ರಕ್ತ ನಿಲ್ದೇ ಇದ್ದದ್ದು, ಮುಟ್ಟಲ್ಲಿ ವಿಪರೀತ ಹೋಗೋದು, ಚಿಕ್ಕ ವಯಸ್ಸಿಗೇ ಕಿವಿ ಮಂದ, ಕಿಡ್ನಿ ತೊಂದರೆ? ಸಂಬಂಧದಲ್ಲೇ ಮದುವೆ ಆಗಿದ್ದೀರಾ?"

ಇಷ್ಟು ದಿನ ಇದನ್ನು ಕೇಳಿದವರೇ ಇರಲಿಲ್ಲ. ನಮ್ಮ ನಾದಿನಿಗೆ ಮೂವತ್ತಕ್ಕೆಲ್ಲ ಕಿವಿಗೆ ಮಿಷನ್ ಬಂದಿತ್ತು. ಯಜಮಾನರ ರಕ್ತ ನೋಡಿದರೆ ಅವರದ್ದೂ ಅದೇ ದೊಡ್ಡ ಪ್ಲೇಟ್‌ಲೆಟ್. ಐಟಿಪಿ ಸಾಮಾನ್ಯವಾಗಿ ವಂಶದಲ್ಲಿ ಬರುವುದಲ್ಲ, ಆದರೆ ಕೆಲವು ಜೀನ್‌ಗಳಿಂದ ಪ್ಲೇಟ್‌ಲೆಟ್ ಹುಟ್ಟಿನಿಂದಲೇ ಕಡಿಮೆ ಇರುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಜೀನ್ ಪರೀಕ್ಷೆ ಇಲ್ಲಿಲ್ಲ. ಬೆಂಗಳೂರಿನ ಹೆಮಟಾಲಜಿಸ್ಟ್‌ಗೆ (ರಕ್ತದ ಕಾಯಿಲೆಗಳ ಡಾಕ್ಟರ್) ಪತ್ರ ಬರೆದುಕೊಟ್ಟರು. ಅಲ್ಲಿ ಎಂವೈಎಚ್9 ಜೀನ್‌ನಲ್ಲಿ ದೋಷ ಎಂದು ಗೊತ್ತಾಯಿತು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಹೆಣ್ಣಾಗಲಿ ಗಂಡಾಗಲಿ. ಇದಕ್ಕೆ ಸ್ಟಿರಾಯ್ಡ್ ಉಪಯೋಗವಿಲ್ಲ ಎಂದು ಆ ಡಾಕ್ಟರೇ ನಿಧಾನವಾಗಿ ನಿಲ್ಲಿಸಿದರು. ಈ ದೋಷವಿದ್ದವರಿಗೆ ಕಿವಿ, ಕಣ್ಣು, ಕಿಡ್ನಿಗೂ ತೊಂದರೆ ಬರಬಹುದಂತೆ, ಅದಕ್ಕೇ ಈಗ ಕಿವಿ, ಕಣ್ಣು, ಮೂತ್ರದ ಪರೀಕ್ಷೆ ತಪ್ಪಿಸುವುದಿಲ್ಲ. ಆಸ್ಪಿರಿನ್, ಐಬುಪ್ರೊಫೇನ್ ಮನೆಯೊಳಗೇ ತರುವುದಿಲ್ಲ.

ಲ್ಯಾಬ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಾವನವರಿಗೆ ಮಂಡಿನೋವು ಅಂದಿದ್ದಕ್ಕೆ ಹುಡುಗ ಕೆಳಗಿಳಿದು ಕಾರಿನಲ್ಲೇ ರಕ್ತ ತೆಗೆದುಕೊಂಡ. ಸ್ಲೈಡ್ ನೋಡಬೇಕಾದರೆ ರಿಪೋರ್ಟ್ ಸಂಜೆಗೇ, ಅವಸರ ಮಾಡಬೇಡಿ. ಮನೆಯವರ ಹಳೆಯ ರಿಪೋರ್ಟುಗಳಿದ್ದರೆ ಎಲ್ಲವನ್ನೂ ಹೊತ್ತು ತನ್ನಿ, ಮೇಡಂ ಒಂದೊಂದನ್ನೂ ಕೂತು ಓದುತ್ತಾರೆ.