ಜಪಾನ್ ಕಲ್ಲಿನ ಮ್ಯಾಲ ಉಸ್ತರಾ ಮಸಿಲಿಕ್ಕತ್ತಿ ಎಂಟು ತಿಂಗಳಾತು

ಮೊದಲೇ ಹೇಳಿಬಿಡ್ತೀನಿ, ಕಲ್ಲು ಛಲೋ ಅದ, ರೊಕ್ಕಕ್ಕ ಮೋಸ ಇಲ್ಲ. ಆದ್ರ ಮೊದಲ ಎರಡು ತಿಂಗಳು ಈ ಕಲ್ಲಿಗಿ ನಾ ಬೈದಷ್ಟು ಯಾರಿಗೂ ಬೈದಿಲ್ಲ, ಮಾರಿದವನಿಗಿ ನಿನ್ನ ಕಲ್ಲು ನೀನೇ ವಾಪಸ್ ತಗೊ ಅಂತ ಮೇಲ್ ಸುದ್ದಾ ಟೈಪ್ ಮಾಡಿ ಇಟ್ಟಿದ್ದೆ, ಕಡಿಗಿ ನೋಡಿದ್ರ ತಪ್ಪು ಕಲ್ಲಿಂದಲ್ಲ, ನಂದೇ.

ಉಸ್ತರಾ ಸಿಕ್ಕಿದ್ದು ನಮ್ಮ ಕಲಬುರಗಿ ಬ್ರಹ್ಮಪುರದ ಕಟಿಂಗ್ ಅಂಗಡಿ ಕಾಕಾ ಅವರ ಕಡಿಂದ, ಸಾಲಿಗಿ ಹೋಗುವಾಗಿಂದ ಅವರ ಹತ್ರಾನೇ ತಲಿ ಕೊಡ್ತಾ ಬಂದೀನಿ. ರೋಗದ ಹೆದರಿಕಿ ಬಂದ ಮ್ಯಾಲ ಎಲ್ಲಾ ಕಡಿ ಬ್ಲೇಡ್ ಅರ್ಧಕ್ಕ ಮುರದು ಹಾಕೋ ಉಸ್ತರಾ ಬಂದ್ವಲ್ಲ, ಆವಾಗ ಕಾಕಾ ತಮ್ಮ ಹಳೀದು ಎಣ್ಣಿ ಹಚ್ಚಿ ಅರಿವ್ಯಾಗ ಸುತ್ತಿ ಡ್ರಾದಾಗ ಇಟ್ಟಿದ್ರು. ಬಾಲದ ಮ್ಯಾಲ ಸೋಲಿಂಗನ್ (ಚಾಕು, ಉಸ್ತರಾಕ್ಕ ಹೆಸರಾದ ಜರ್ಮನಿ ಊರು) ಅಂತ ಹೊಡದದ್ದು ಕಾಣ್ತದ, ಕಂಪನಿ ಹೆಸರು ಸವದು ಹೋಗ್ಯಾದ. ನಾ ಬರೀ ನೋಡ್ಲಿಕ್ಕ ಕೇಳಿದ್ದೆ, "ತಗೊಂಡು ಹೋಗು ತಮ್ಮಾ, ನನಗೇನು ಇದು ಈಗ ಅನ್ನ ಹಾಕಲ್ಲ, ನಿನಗ ಹೆಂಗೂ ಹುಚ್ಚ ಹಿಡದದ" ಅಂದ್ರು. ರೊಕ್ಕ ಕೊಟ್ಟೆ, ಬ್ಯಾಡ ಅಂದ್ರು, ಮರುದಿನ ಅರ್ಧ ಕಿಲೋ ಪೇಢೆ ಕೊಟ್ಟು ಬಂದೆ.

ಇನ್ನ ಕಲ್ಲಿನ ವಿಷಯಕ್ಕ ಬರೋಣ. ಜಪಾನಿನಾಗ ಕ್ಯೋಟೊ ಸುತ್ತಮುತ್ತ ಗುಡ್ಡದಾಗ ಸಿಗೋ ಕಲ್ಲು ಇವು, ಧಾರದ ಕಡೀ ಕೆಲಸಕ್ಕ ಬಳಸೋ ಇಂಥಾ ಕಲ್ಲಿಗಿ ಅಲ್ಲಿಯವರು ಅವಾಸೆಡೊ ಅಂತಾರ, ನಕಯಾಮಾ, ಓಝುಕು, ಶೋಬುದಾನಿ ಅಂತ ಒಂದೊಂದು ಗಣಿಗಿ ಒಂದೊಂದು ಹೆಸರು. ಸುಮಾರು 25 ಕೋಟಿ ವರ್ಷದ ಹಿಂದ ಸಮುದ್ರದ ತಳದಾಗ ಕಣ್ಣಿಗಿ ಕಾಣದಂಥ ಜೀವಿಗಳ ಚಿಪ್ಪು, ಮಣ್ಣಿನ ಧೂಳು ಕೂತು ಕೂತು ಗಟ್ಟಿ ಆದದ್ದು, ಆ ಚಿಪ್ಪಿನಿಂದ ಬಂದ ಸಿಲಿಕಾನೇ ಸ್ಟೀಲ್ ಕೊರೀತದ. ಕಲಬುರಗಿ ಮಂದಿಗಿ ಕಲ್ಲಿನ ಪುರಾಣ ಹೇಳೋದೇನದ, ಶಹಾಬಾದ್ ಫರಸಿ ಮ್ಯಾಲ ಅಂಬೆಗಾಲಿಟ್ಟು ಬೆಳದವರು ನಾವು, ನಮ್ಮ ಕಲ್ಲು ಜಪಾನಿಂದಕ್ಕಿಂತ ಎಷ್ಟೋ ಹಳೀದು ಸುದ್ದಾ. ಆದ್ರ ಅದು ಸುಣ್ಣದ ಕಲ್ಲು, ಸ್ಟೀಲಿಗಿಂತ ಮೆತ್ತಗ, ಅದರ ಮ್ಯಾಲ ಉಸ್ತರಾ ತಿಕ್ಕಿದ್ರ ಉಸ್ತರಾ ಹಂಗೇ ಇರ್ತದ, ಕಲ್ಲು ಸವೀತದ. (ಮಾಡಿ ನೋಡೇ ಹೇಳ್ಲಿಕ್ಕತ್ತೀನಿ.)

ನಕಯಾಮಾ ಗಣಿ ಬಂದ್ ಆಗಿ ದಶಕಗಳಾದವು, ಅದಕ್ಕ ಆ ಸಿಕ್ಕಾ ಇದ್ದ ಕಲ್ಲಿಗಿ ಲಕ್ಷ ದಾಟಿ ಕೇಳೋದೂ ನೋಡೀನಿ. ಸಿಕ್ಕಾ ಅಂದ್ರ ಏನು, ಮಸಿಲೆ ಒತ್ತಿದ್ದು, ಯಾರು ಬೇಕಾದ್ರೂ ಒತ್ತಬಹುದು. ನಮ್ಮ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಬಂತು, ಹಂಗಂತ ಗುಲ್ಬರ್ಗಾ ಬ್ಯಾಳಿ ಅಂತ ಚೀಲದ ಮ್ಯಾಲ ಬರದದ್ದೆಲ್ಲ ಇಲ್ಲೀದೇ ಅಂತ ಗಂಜ್ ಮಾರ್ಕೆಟಿನಾಗ ಯಾರರೆ ನಂಬ್ತಾರೇನು. ಅದಕ್ಕ ನಾ ಸಿಕ್ಕಾ ಇಲ್ಲದ್ದು, ಒಂದು ಮೂಲಿ ಮುರದದ್ದು, ಕೊಪ್ಪಾ ಅಂತಾರಲ್ಲ ಆ ಥರದ ಅಡ್ಡಾತಿಡ್ಡಿ ತುಂಡು ಆನ್‌ಲೈನ್ ತರಿಸಿದೆ. ಕಲ್ಲಿಗಿ 14,500, ಕೊರಿಯರ್ ಡ್ಯೂಟಿ ಎಲ್ಲಾ ಸೇರಿ ಮ್ಯಾಲ ಇನ್ನ 5,000 ಹತ್ರ ಹೋತು. ಹೆಂಡತಿಗಿ ಬರೀ 4,000 ಅಂತ ಹೇಳೀನಿ, ಆಕಿ ಇದು ಓದಲ್ಲ ಅನ್ನೋ ಧೈರ್ಯದ ಮ್ಯಾಲ ಖರೆ ರೇಟು ಬರದೀನಿ.

ಬಂದದ್ದು ಮೇ ತಿಂಗಳಾಗ. ಅಂಗೈಗಿಂತ ಜರಾ ದೊಡ್ಡದು, ಹೆಸರಬ್ಯಾಳಿ ಬಣ್ಣ, ನೀರು ಹಾಕಿದ್ರ ಕುಡಿಯಂಗಿಲ್ಲ, ಮ್ಯಾಲೇ ನಿಂತು ಹೊಳೀತದ, ಅಂದ್ರ ಗಟ್ಟಿ ಕಲ್ಲು, ಉಸ್ತರಾಕ್ಕ ಗಟ್ಟೀನೇ ಬೇಕು. ತಕರಾರು ಒಂದೇ. ಈ ಕಲ್ಲು ಪದರ ಪದರ ಇರ್ತಾವ, ಬಾಜೂಲಿಂದ ನೀರು ಹೊಕ್ಕು ಒಣಗಿ, ಹೊಕ್ಕು ಒಣಗಿ ಪದರ ಬಿಡ್ತಾವ, ಅದಕ್ಕೇ ನಾಕೂ ಬಾಜೂ ವಾರ್ನಿಶಿನಂಥ ಲ್ಯಾಕರ್ ಬಳದಿರ್ತಾರ. ನನಗ ಮಾರಿದವ ಲ್ಯಾಕರ್ ಆಗ್ಯಾದ ಅಂತ ಬರದಿದ್ದ, ಬಂದದ್ದು ಬೋಳು ಕಲ್ಲು. ನಮ್ಮ ಬಿಸಿಲು ಗೊತ್ತಲ್ಲ, ಎರಡನೇ ವಾರಕ್ಕ ಮೂಲ್ಯಾಗ ಕೂದಲಿನಂಥ ಸೀಳು ಕಾಣ್ತು, ನನ್ನ ಎದಿ ಧಸಕ್ ಅಂತು. ಫೋಟೋ ಕಳಸಿದೆ, ಇವತ್ತಿಗೂ ಉತ್ತರ ಇಲ್ಲ. ಕಡಿಗಿ ಹೆಂಡತಿ ನೇಲ್ ಪಾಲಿಶ್, ಬಣ್ಣ ಇಲ್ಲದ್ದು, ಎರಡು ಕೈ ಬಳದೆ, ಬಾಟ್ಲಿ ಖಾಲಿ ಆತು, ಸೂಪರ್ ಮಾರ್ಕೆಟಿಗಿ ಹೋಗಿ ಒಂದಕ್ಕ ಎರಡು ತಂದು ಕೊಟ್ಟೆ. ಸೀಳು ಅಲ್ಲೇ ನಿಂತದ, ಮುಂದ ಹೋಗಿಲ್ಲ. ತಗೊಳ್ಳೋರು ಕಲ್ಲು ಬಂದ ದಿನಾನೇ ಮೊದಲು ಇದನ್ನ ಮಾಡ್ರಿ, ನೀರು ಆಮ್ಯಾಲ.

ಸಪಾಟು ಮಾಡ್ಲಿಕ್ಕ ಡೈಮಂಡ್ ಪ್ಲೇಟ್ ಸಿಗ್ತಾವ, ರೇಟು ಕೇಳಿ ಸುಮ್ಮನಾದೆ. ಅಂಗಳದಾಗ ಪಾಲಿಶ್ ಫರಸಿ ತುಂಡು ಬಿದ್ದಿತ್ತು, ಅದರ ಮ್ಯಾಲ ವಾಟರ್ ಪೇಪರ್ ಹಾಸಿ, ಕಲ್ಲಿಗಿ ಪೆನ್ಸಿಲಿಲೆ ಜಾಳಿಗಿ ಥರ ಗೆರಿ ಹೊಡದು ತಿಕ್ಕಿದೆ, ಗೆರಿ ಎಲ್ಲಾ ಕಡಿ ಅಳಸಿದ್ರ ಸಪಾಟಾದಂಗ. ಫರಸಿ ಧಾರ ಹಚ್ಚಲಿಲ್ಲ ಅಂದ್ರೂ ಹಿಂಗ ಉಪಯೋಗಕ್ಕ ಬಂತು.

ಆಮ್ಯಾಲ ಶುರು ಆತು ನನ್ನ ಗೋಳು. ದಿನಾ ರಾತ್ರಿ ಕೂತು ಮಸಿಯೋದು, ಮುಂಜಾನಿ ಕೆನ್ನಿಗಿ ಹಚ್ಚೋದು, ಬಲಗೆನ್ನಿ ಮ್ಯಾಲ ಒಂದೊಂದು ಸಲ ಬೆಣ್ಣಿ ಹಂಗ ಹೋಗ್ತಿತ್ತು, ಗದ್ದದ ಕೆಳಗ ಬಂದ ಕೂಡ್ಲೆ ಕೂದಲು ಕಿತ್ತಿದಂಗ. ಕಲ್ಲು ನಕಲಿ ಅದ, ಯಾವುದೋ ಊರಿನ ಹಲಗಿ ಕಲ್ಲು ಕಡದು ಕಳಸ್ಯಾನ ಅಂತ ತೀರ್ಮಾನಾನೇ ಮಾಡಿಬಿಟ್ಟಿದ್ದೆ. ಒಂದಿನ ಕಟಿಂಗಿಗಿ ಹೋದಾಗ ಉಸ್ತರಾ ಒಯ್ದಿದ್ದೆ. ಕಾಕಾ ಕಲ್ಲಿನ ಸುದ್ದೀನೇ ಕೇಳಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿಗಿ ನೀರು ಹಚ್ಚಿದ್ರು, ಉಸ್ತರಾ ತೂಕ ಎಷ್ಟದ ಅಷ್ಟೇ ಬೀಳೋ ಹಂಗ ಉಗುರಿನ ಮ್ಯಾಲ ಇಟ್ಟು ಧಾರದ ಬುಡದಿಂದ ತುದಿ ತನಕ ಮೆಲ್ಲಕ ಎಳದ್ರು. ಅರ್ಧದ ತನಕ ಗಾಜಿನ ಮ್ಯಾಲ ಹೋದಂಗ ಜಾರ್ತು, ಅಲ್ಲಿಂದ ಮುಂದ ಉಗುರಿಗಿ ಅಂಟಿಕೊಂಡು ಹೋತು. "ತುದಿ ಹಿಡೀತದ, ಬುಡ ಜಾರ್ತದ. ಅರ್ಧ ಬೆಂದ ರೊಟ್ಟಿ ತಂದೀದಿ ನೋಡು" ಅಂದ್ರು, ಉಸ್ತರಾ ಮಡಚಿ ಕೈಯಾಗಿಟ್ಟು ಮುಂದಿನ ಗಿರಾಕಿ ಕರದ್ರು.

ಮನಿಗಿ ಬಂದು ಧಾರದ ಗುಂಟ ಕಪ್ಪು ಮಾರ್ಕರ್ ಬಳದು ಕಲ್ಲಿನ ಮ್ಯಾಲ ಎರಡು ಸಲ ಎಳದು ನೋಡಿದೆ. ತುದಿ ಕಡಿ ಮಸಿ ಹೋಗಿತ್ತು, ಬುಡದ ಕಡಿ ಒಂದು ಇಂಚು ಕರ್ರಗ ಹಂಗೇ ಕೂತಿತ್ತು. ಅಂದ್ರ ಆ ಭಾಗ ಕಲ್ಲಿಗಿ ತಾಕೇ ಇರಲಿಲ್ಲ! ಉಸ್ತರಾ ಮಸಿಯುವಾಗ ಬೆನ್ನು ಮತ್ತ ಧಾರ ಎರಡೂ ಕಲ್ಲಿಗಿ ಕೂಡಬೇಕು, ಬೆನ್ನೇ ಕೋನ ಹಿಡೀತದ, ನಮ್ಮ ಕೈಯಾಗ ಏನಿಲ್ಲ. ಕಾಕಾನ ಉಸ್ತರಾ ಬುಡದ ಹತ್ರ ಜರಾ ಉಬ್ಬಿತ್ತು, ಆ ಉಬ್ಬು ಕಲ್ಲಿನ ಮ್ಯಾಲ ಹತ್ತಿ ಧಾರನ್ನ ಎತ್ತಿ ಹಿಡೀತಿತ್ತು. ಇದನ್ನ ಸರಿ ಮಾಡೋದು ಫಿನಿಶಿಂಗ್ ಕಲ್ಲಿನ ಕೆಲಸಾನೇ ಅಲ್ಲ. ಕಿಂಗ್ ಕಂಪನಿಯ 1000 ನಂಬರ್ ಕಲ್ಲಿಗಿ (ನಂಬರ್ ಹೆಚ್ಚಾದಂಗ ಕಲ್ಲು ನುಣುಪು) ವಾಪಸ್ ಹೋದೆ, ಉಬ್ಬು ಕಲ್ಲಿನ ಅಂಚಿನಿಂದ ಹೊರಗ ಉಳಿಯೋ ಹಂಗ ಉಸ್ತರಾ ಜರಾ ಓರೆ ಹಿಡದು, ಇಡೀ ಧಾರದ ಮಸಿ ಒಂದೇ ಸಲಕ್ಕ ಹೋಗೋ ತನಕ ಎಳದೆ, ಒಂದು ತಾಸು ಹಿಡೀತು. ಆಮ್ಯಾಲ 3000, 8000. ಅಷ್ಟಾದ ಮ್ಯಾಲೇ ಜಪಾನ್ ಕಲ್ಲು ಕೈಗಿ ತಗೊಂಡೆ.

ಅವತ್ತು ಗೊತ್ತಾತು ಕಲ್ಲು ಏನಂತ. ಇದರ ಜೋಡಿ ಒಂದು ಸಣ್ಣ ಕಲ್ಲು ಬರ್ತದ, ನಾಗುರಾ ಅಂತಾರ. ದೊಡ್ಡ ಕಲ್ಲಿಗಿ ನಾಕು ಹನಿ ನೀರು ಹಾಕಿ ಅದನ್ನ ತಿಕ್ಕಬೇಕು, ಥೇಟ್ ಗಂಧ ತೇಯ್ದಂಗ, ಬೆಳ್ಳಗ ರಾಡಿ ಬರ್ತದ, ಮಜ್ಜಿಗಿ ಹದಕ್ಕ. ಕೊರಿಯೋದು ಆ ರಾಡಿನೇ. ಉಸ್ತರಾ ಎಳದಂಗೆಲ್ಲ ರಾಡಿ ಬೂದಿ ಬಣ್ಣಕ್ಕ ತಿರಗ್ತದ, ಅದು ಸ್ಟೀಲ್ ಸವದು ಬಂದದ್ದು, ಮತ್ತ ರಾಡಿಯೊಳಗಿನ ಕಣಾನೂ ಹಂಗೇ ಇನ್ನಷ್ಟು ಸಣ್ಣ ಆಗ್ತಾವ. ಇಪ್ಪತ್ತು ಎಳತಕ್ಕ ಒಂದು ಹನಿ ನೀರು, ಮತ್ತ ಇಪ್ಪತ್ತಕ್ಕ ಒಂದು, ಹಿಂಗ ತೆಳ್ಳಗ ಮಾಡ್ತಾ ಬಂದು ಕಡಿಗಿ ಬರೀ ನೀರಿನ ಮ್ಯಾಲ, ಕೈ ಭಾರ ಒಂಚೂರೂ ಬಿಡದಂಗ. ಕೊನೀಗಿ ಉಸ್ತರಾ ಕಲ್ಲಿಗಿ ಹತ್ತಿಕೊಂಡಂಗ ಆಗ್ತದ, ಎಳಿಯೋ ಸಪ್ಪಳ ಸುದ್ದಾ ಬದಲಾಗ್ತದ, ಜರಾ ಸಣ್ಣ ದನಿ. ಆಮ್ಯಾಲ ತೊಗಲಿನ ಪಟ್ಟಿ ಮ್ಯಾಲ ಐವತ್ತು ಸಲ. ಕಾಕಾ ಅವರ ಕಾಲದಾಗ ಪಟ್ಟಿ ಇಲ್ಲಂದ್ರ ಅಂಗೈ ಮ್ಯಾಲೇ ತಿಕ್ಕತಿದ್ರಂತ, ನನಗ ಅಷ್ಟು ಧೈರ್ಯ ಇಲ್ಲ.

ಬೋಟನ್, ತೆಂಜೋ, ಮೆಜಿರೋ, ಕೋಮಾ ಅಂತ ಒರಟಿನಿಂದ ನುಣುಪಿನ ತನಕ ನಾಕು ಥರ ಮಿಕಾವಾ ನಾಗುರಾ ಬೇರೆ ಮಾರ್ತಾರ. ಸೆಟ್ಟೇ ತಗೋಬೇಕು ಅಂತ ಆಸೆ ಹಚ್ಚತಾರ, 8000 ತನಕ ಬ್ಯಾರೆ ಕಲ್ಲು ಇದ್ದವರಿಗಿ ಬೇಕಾಗಿಲ್ಲ, ಜೋಡಿ ಬಂದ ತುಂಡೇ ಸಾಕು. ನೀರಿನ ಬಗ್ಗಿ ಒಂದು ಮಾತು, ನಮ್ಮ ಬೋರಿನ ನೀರು ಬಕೆಟಿಗಿ ಬೆಳ್ಳಗ ಪದರ ಕಟ್ಟತದ, ಅದನ್ನ ಬಿಟ್ಟು ಫಿಲ್ಟರ್ ನೀರು ಬಳಸ್ಲಿಕ್ಕತ್ತೀನಿ. ಬ್ಯಾಸಿಗ್ಯಾಗ ಫ್ಯಾನ್ ಬಂದ್ ಮಾಡಿ ಕೂಡಬೇಕು, ಇಲ್ಲಂದ್ರ ರಾಡಿ ಎರಡು ನಿಮಿಷಕ್ಕ ಒಣಗಿ ಹಿಟ್ಟಾಗ್ತದ, ಬೆವರು ಸುರಿಸ್ಕೋತ ಬನಿಯನ್ ಮ್ಯಾಲ ಕೂತಿರ್ತೀನಿ, ನೋಡಿದವರು ಏನನ್ಕೋತಾರೋ.

ಶೇವಿಂಗ್ ಹೆಂಗ ಅಂದ್ರ, ಇದಕ್ಕ ಮೊದಲು ಗೆಳೆಯನ 12000 ಸಿಂಥೆಟಿಕ್ ಕಲ್ಲಿನ ಮ್ಯಾಲೂ ಒಮ್ಮಿ ಧಾರ ಮಾಡಿದ್ದೆ. ಅದರ ಧಾರ ಇದಕ್ಕಿಂತ ಜರಾ ಹೆಚ್ಚೇ ಚೂಪು ಅನಸ್ತಿತ್ತು, ಸುಳ್ಳು ಹೇಳಲ್ಲ, ಆದ್ರ ಚರ್ಮಾನೂ ಕೆರದು ಹೋಗ್ತಿತ್ತು, ಮ್ಯಾಲ ತುರಟಿ ತಿಕ್ಕಿದ್ರ ಕುತ್ತಿಗಿ ತುಂಬ ಉರಿ. ಈ ಕಲ್ಲಿನ ಧಾರ ಕೂದಲಷ್ಟೇ ತಗೀತದ, ಚರ್ಮದ ಗೊಡವಿಗಿ ಹೋಗಲ್ಲ, ತುರಟಿ ಹಚ್ಚಿದ್ರ ತಣ್ಣಗ. ಅರ್ಧ ಬ್ಲೇಡಿನ ಶೇವಿಂಗಿನಾಗ ಕಾಲರ್ ತಾಕೋ ಜಾಗದಾಗ ಗುಳ್ಳಿ ಏಳ್ತಿದ್ವು, ನಿಂತಾವ. ಹನ್ನೆರಡು ಹದಿನೈದು ಸಲ ಆದ ಮ್ಯಾಲ ಮತ್ತ ಕಲ್ಲಿಗಿ ಹತ್ತು ನಿಮಿಷ ಕೊಟ್ಟರ ಸಾಕು.

ಐದಕ್ಕ ನಾಕು ಸ್ಟಾರ್, ಒಂದು ಲ್ಯಾಕರ್ ಸುಳ್ಳಿಗಿ ಕಟ್. ವಾರಕ್ಕೊಮ್ಮಿ ಶೇವಿಂಗ್ ಮಾಡೋರು, ಮುಂಜಾನಿ ಬಸ್ ಹಿಡಿಯೋರು ಇದರ ಉಸಾಬರಿಗಿ ಹೋಗಬ್ಯಾಡ್ರಿ. 1000 ಕಲ್ಲಿನ ಮ್ಯಾಲ ಧಾರ ಕೂಡಸ್ಲಿಕ್ಕ ಬಂದಿಲ್ಲಂದ್ರೂ ಬ್ಯಾಡ, ಮೊದಲು ಅದನ್ನ ಕಲೀರಿ, ಮಾರ್ಕರಿಗಿ ಇಪ್ಪತ್ತು ರೂಪಾಯಿ.

ಹಾಂ, ಕಲ್ಲು ಎಲ್ಲಿ ಇಡ್ತೀರಿ ಅದೂ ನೋಡ್ಕೋರಿ. ನಾ ನೆರಳಾಗ ಒಣಗಲಿ ಅಂತ ದೇವರ ಜಗಲಿ ಬಾಜೂಕ ಇಟ್ಟಿದ್ದೆ, ಕೂಸಿಗಿ ಹೊಟ್ಟಿ ಉಬ್ಬರಿಸ್ಯಾದ ಅಂತ ನಮ್ಮವ್ವ ಅದರ ಮ್ಯಾಲ ಬಜಿ ತೇಯ್ದುಬಿಟ್ಟಾಳ. "ನಮ್ಮ ಸಾಣಿಕಲ್ಲಿಗಿಂತ ಭಾಳ ನುಣ್ಣಗ ಬರ್ತದಪ" ಅಂತ ಮ್ಯಾಲ ಸರ್ಟಿಫಿಕೇಟು ಬ್ಯಾರೆ. ಕಲೆ ತಗೀಲಿಕ್ಕ ಮತ್ತ ಫರಸಿ, ಮತ್ತ ಪೆನ್ಸಿಲ್ ಗೆರಿ.